ರೂಟರ್ ಮೋಡಾ, ಆಕ್ಸೆಸ್ ಪಾಯಿಂಟ್ ಮೋಡಾ? ಎರಡನ್ನೂ ಓಡಿಸಿ ನೋಡಿದ ಮೇಲೆ

ಮನೆಯಲ್ಲಿ ಎರಡನೆಯ ವೈಫೈ ರೂಟರ್ ಇಟ್ಟರೆ ಅದನ್ನು ಈ ಎರಡರಲ್ಲಿ ಯಾವ ಮೋಡ್‌ನಲ್ಲಿ ಓಡಿಸಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆಕ್ಸೆಸ್ ಪಾಯಿಂಟ್ ಮೋಡ್‌ಗೆ. ಆರು ವಾರ ರೂಟರ್ ಮೋಡ್‌ನಲ್ಲಿ ಒದ್ದಾಡಿ, ಕೊನೆಗೆ ಒಂದು ಭಾನುವಾರ ಅರ್ಧ ಗಂಟೆಯಲ್ಲಿ ಈ ಕಡೆ ಬಂದವನು ನಾನು. ತಕ್ಕಡಿ ಹಿಡಿದು ಸಮವಾಗಿ ತೂಗುವ ಹೋಲಿಕೆ ನನ್ನಿಂದ ಆಗುವುದಿಲ್ಲ.

ನಮ್ಮ ಹಾಲ್‌ನಲ್ಲಿ ಇಂಟರ್‌ನೆಟ್ ಕಂಪನಿಯವರು ಹಾಕಿಕೊಟ್ಟ ಡಬ್ಬಿ ಇದೆ. ಫೈಬರ್ ಬಂದು ಸೇರುವುದೂ ಅದಕ್ಕೇ, ವೈಫೈ ಹೊರಡುವುದೂ ಅದರಿಂದಲೇ. ಎರಡು ಗೋಡೆ ದಾಟಿ ಹಿಂದಿನ ಕೋಣೆಗೆ ಬರುವಷ್ಟರಲ್ಲಿ ಸಿಗ್ನಲ್ ಸುಸ್ತಾಗಿರುತ್ತಿತ್ತು. ನಾನು ಕೂತು ಕೆಲಸ ಮಾಡುವುದು ಅದೇ ಕೋಣೆಯಲ್ಲಿ. ಸರಿ, ಒಂದು ಒಳ್ಳೆಯ ರೂಟರ್ ತಂದೆ. ಗೋಡೆಯಂಚಿಗೆ ಈಥರ್ನೆಟ್ ಕೇಬಲ್ ಎಳೆದು ಅದರ ವ್ಯಾನ್ ಪೋರ್ಟ್‌ಗೆ, ಅಂದರೆ ಹೊರಗಿನ ಇಂಟರ್‌ನೆಟ್ ಬಂದು ಸೇರುವ ಕಿಂಡಿಗೆ, ಸಿಕ್ಕಿಸಿದೆ. ಆಪ್ ಕೇಳಿದ್ದಕ್ಕೆಲ್ಲ ‘ಮುಂದೆ’, ‘ಮುಂದೆ’ ಅಂತ ಒತ್ತಿದೆ. ಹತ್ತು ನಿಮಿಷದಲ್ಲಿ ವೈಫೈ ಬಂತು, ಸ್ಪೀಡೂ ಬಂತು. ಮೋಡ್ ಅಂತ ಒಂದು ಆಯ್ಕೆ ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ನಾವು ಮುಟ್ಟದಿದ್ದರೆ ಅದು ರೂಟರ್ ಮೋಡ್‌ನಲ್ಲೇ ಶುರುವಾಗುತ್ತದೆ.

ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ. ರೂಟರ್ ಮೋಡ್‌ನಲ್ಲಿ ಹೊಸ ಡಬ್ಬಿ ಮನೆಯೊಳಗೇ ಬೇರೆ ಸಂಸಾರ ಹೂಡುತ್ತದೆ. ತನ್ನ ವೈಫೈ ಹಿಡಿದವರಿಗೆ ತಾನೇ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಒಂದೊಂದು ಸಾಧನಕ್ಕೂ ಇರುವ ಮನೆ ನಂಬರ್) ಹಂಚುತ್ತದೆ, ಅವರೆಲ್ಲರ ಪರವಾಗಿ ಹೊರಗೆ ಒಂದೇ ವಿಳಾಸ ತೋರಿಸುತ್ತದೆ. ಇದಕ್ಕೆ ನ್ಯಾಟ್ ಅನ್ನುತ್ತಾರೆ. ಹಾಲ್‌ನ ಡಬ್ಬಿಯೂ ಇದೇ ಕೆಲಸ ಮಾಡುತ್ತಿರುತ್ತದೆ, ಹಾಗಾಗಿ ಒಟ್ಟು ಡಬಲ್ ನ್ಯಾಟ್. ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಹೊಸದಕ್ಕೆ ಯಜಮಾನಿಕೆ ಇಲ್ಲ. ಕೇಬಲ್‌ನಲ್ಲಿ ಬಂದದ್ದನ್ನು ಗಾಳಿಗೆ ಬಿಡುವುದು, ಗಾಳಿಯಲ್ಲಿ ಬಂದದ್ದನ್ನು ಕೇಬಲ್‌ಗೆ ಹಾಕುವುದು, ಅಷ್ಟೇ. ವಿಳಾಸ ಹಂಚುವುದೆಲ್ಲ ಹಾಲ್‌ನ ಡಬ್ಬಿಯ ಪಾಲು.

ಇನ್ನು ಪ್ರಿಂಟರ್ ಕಥೆ. ಆರು ವಾರ ನನ್ನ ತಲೆ ತಿಂದದ್ದು ಅದೇ.

ಪ್ರಿಂಟರ್ ಇರುವುದು ಹಾಲ್‌ನಲ್ಲಿ, ಹಳೆಯ ಡಬ್ಬಿಯ ವೈಫೈನಲ್ಲಿ. ನಾನೋ ದೊಡ್ಡ ಬುದ್ಧಿವಂತಿಕೆ ಮಾಡಿ ಎರಡು ಡಬ್ಬಿಗೂ ಒಂದೇ ವೈಫೈ ಹೆಸರು, ಒಂದೇ ಪಾಸ್‌ವರ್ಡ್ ಕೊಟ್ಟಿದ್ದೆ. ಮನೆಯವರು ಹೆಸರು ಬದಲಿಸಿ ಬದಲಿಸಿ ಕಷ್ಟಪಡುವುದು ಬೇಡ ಅಂತ. ಮೊದಲ ವಾರ ಒಂದು ಫಾರ್ಮ್ ಪ್ರಿಂಟ್ ಮಾಡಲು ಹೋದೆ, ಪಟ್ಟಿಯಲ್ಲಿ ಪ್ರಿಂಟರೇ ಇಲ್ಲ. ಆಫ್ ಮಾಡಿ ಆನ್ ಮಾಡಿದೆ. ಎದ್ದು ಹೋಗಿ ನೋಡಿದರೆ ನೀಲಿ ದೀಪ ಉರಿಯುತ್ತಿದೆ, ಕಾಗದ ಇದೆ, ಇಂಕ್ ಇದೆ. ಲ್ಯಾಪ್‌ಟಾಪನ್ನು ಅದರ ಪಕ್ಕದಲ್ಲೇ ಇಟ್ಟು ಮತ್ತೆ ಒತ್ತಿದೆ, ಬಂತು. ಸರಿಹೋಯಿತು ಅಂದುಕೊಂಡೆ. ಮಾರನೆಯ ದಿನ ಮತ್ತೆ ಮಾಯ.

ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ತೆಗೆದು ಮತ್ತೆ ಹಾಕಿದೆ. ಪ್ರಿಂಟರನ್ನು ಫ್ಯಾಕ್ಟರಿ ರೀಸೆಟ್ ಮಾಡಿ, ಅದರ ಪುಟಾಣಿ ಪರದೆಯಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ ಹದಿನಾಲ್ಕು ಅಕ್ಷರದ ಪಾಸ್‌ವರ್ಡ್ ಮತ್ತೆ ತುಂಬಿದೆ. ಎರಡು ಸಲ! ಕೊನೆಗೆ ಗುಟ್ಟು ಹಿಡಿದದ್ದು ನನ್ನ ಮಗಳು. “ಅಪ್ಪಾ, ಕೋಣೇಲಿ ಒತ್ತಿದ್ರೆ ಬರಲ್ಲ. ಲ್ಯಾಪ್‌ಟಾಪ್ ಹಿಡ್ಕೊಂಡು ಹಾಲ್‌ಗೆ ಬಾ, ಸ್ವಲ್ಪ ಹೊತ್ತು ನಿಂತ್ಕೊ, ಆಮೇಲೆ ಬರುತ್ತೆ” ಅಂದಳು. ಪ್ರಿಂಟರ್‌ಗೆ ಕಣ್ಣಿದೆಯಾ ಅಂತ ನಕ್ಕೆ. ಅವಳು ಹೇಳಿದ್ದು ಅಕ್ಷರಶಃ ಸರಿ ಇತ್ತು.

ಆವತ್ತು ಕೋಣೆಯಲ್ಲಿ ಕೂತು ಲ್ಯಾಪ್‌ಟಾಪಿನ ಐಪಿ ನೋಡಿದೆ: 192.168.0.102. ಹಾಲ್‌ಗೆ ಹೋಗಿ ಒಂದೆರಡು ನಿಮಿಷ ನಿಂತು ನೋಡಿದೆ: 192.168.1.34. ಮೂರನೆಯ ಅಂಕಿ ನೋಡಿ. ವೈಫೈ ಹೆಸರು ಒಂದೇ, ಆದರೆ ನಿಂತಿರುವ ನೆಟ್‌ವರ್ಕ್ ಬೇರೆ. ಪ್ರಿಂಟರ್ ಇದ್ದದ್ದು 192.168.1.20ರಲ್ಲಿ. ಲ್ಯಾಪ್‌ಟಾಪ್ ಯಾವಾಗ ಹಾಲ್‌ನ ಡಬ್ಬಿಗೆ ಅಂಟಿಕೊಳ್ಳುತ್ತದೋ ಆಗ ಮಾತ್ರ ಅವೆರಡೂ ಒಂದೇ ಬಳಗ. ಎರಡು ಡಬ್ಬಿಗೂ ಬೇರೆ ಬೇರೆ ಹೆಸರು ಕೊಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ನನ್ನ ಬುದ್ಧಿವಂತಿಕೆಯೇ ರೋಗವನ್ನು ಮುಚ್ಚಿಟ್ಟಿತ್ತು.

ತಮಾಷೆ ಏನೆಂದರೆ, ಕೋಣೆಯಿಂದಲೇ ಬ್ರೌಸರ್‌ನಲ್ಲಿ 192.168.1.20 ಅಂತ ಟೈಪ್ ಮಾಡಿದರೆ ಪ್ರಿಂಟರ್‌ನ ಸೆಟ್ಟಿಂಗ್ ಪುಟ ಚೆನ್ನಾಗಿ ತೆರೆಯುತ್ತಿತ್ತು. ಅಂದರೆ ದಾರಿ ಇದೆ. ಪಟ್ಟಿಯಲ್ಲಿ ಮಾತ್ರ ಕಾಣುವುದಿಲ್ಲ. ಯಾಕೆ? ಪ್ರಿಂಟರ್, ಫೋನ್‌ನಲ್ಲಿರುವುದನ್ನು ಟಿವಿಯಲ್ಲಿ ತೋರಿಸುವ ಕಾಸ್ಟಿಂಗ್ ಸಾಧನ, ಇವೆಲ್ಲ “ನಾನಿಲ್ಲಿದ್ದೇನೆ” ಅಂತ ಕೂಗಿ ತಮ್ಮನ್ನು ತೋರಿಸಿಕೊಳ್ಳುತ್ತವೆ. ಮಲ್ಟಿಕಾಸ್ಟ್ ಡಿಎನ್‌ಎಸ್ ಅನ್ನುವ ಈ ಪದ್ಧತಿಯಲ್ಲಿ ಕೂಗು ಹೋಗುವುದು 224.0.0.251 ಅನ್ನುವ ವಿಳಾಸಕ್ಕೆ, 5353ನೇ ಪೋರ್ಟ್‌ಗೆ (ಇದು ಕೇಬಲ್ ಸಿಕ್ಕಿಸುವ ಪೋರ್ಟ್ ಅಲ್ಲ, ಒಂದು ವಿಳಾಸದೊಳಗಿನ ಬಾಗಿಲ ಸಂಖ್ಯೆ). ಆ ಸಾಲಿನ ವಿಳಾಸಕ್ಕೆ ಬಂದ ಮಾತನ್ನು ರೂಟರ್ ಆಚೆಗೆ ದಾಟಿಸಬಾರದು ಅನ್ನುವುದೇ ನಿಯಮ. ಮನೆ ನಂಬರ್ ಗೊತ್ತಿದ್ದವರು ನೇರ ಹೋಗಿ ಬಾಗಿಲು ತಟ್ಟಬಹುದು, ಆದರೆ ಕೂಗು ಗೋಡೆ ದಾಟುವುದಿಲ್ಲ. ಡಬ್ಬಿ ಕೆಟ್ಟಿರಲಿಲ್ಲ, ಪ್ರಿಂಟರೂ ಕೆಟ್ಟಿರಲಿಲ್ಲ. ಎಲ್ಲವೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿದ್ದವು.

ಐಪಿ ಕೊಟ್ಟು ಪ್ರಿಂಟರ್ ಸೇರಿಸಿ ಸ್ವಲ್ಪ ದಿನ ತಳ್ಳಿದೆ. ಲ್ಯಾಪ್‌ಟಾಪಿನಲ್ಲಿ ನಡೆಯಿತು. ಮಗಳ ಟ್ಯಾಬ್‌ನಲ್ಲಿ ಹಾಗೆ ಸೇರಿಸುವ ಜಾಗವೇ ಸಿಗಲಿಲ್ಲ. ಸ್ಕ್ಯಾನ್ ಮಾಡಿ ಲ್ಯಾಪ್‌ಟಾಪಿಗೆ ಕಳಿಸು ಅಂತ ಪ್ರಿಂಟರ್ ಕಡೆಯಿಂದ ಒತ್ತಿದರೆ ಅದೂ ಇಲ್ಲ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರುವಂತಿಲ್ಲ, ಅದು ನ್ಯಾಟ್. ಆಮೇಲೆ ಒಂದು ದಿನ ಕರೆಂಟ್ ಹೋಗಿ ಬಂದಾಗ ಪ್ರಿಂಟರ್‌ನ ಐಪಿ 20 ಹೋಗಿ 23 ಆಯಿತು. ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸುವುದು ಸುಲಭ: ಸೆಟ್ಟಿಂಗ್‌ನಲ್ಲಿ ಹುಡುಕಿ, ಒತ್ತಿ, ರೀಸ್ಟಾರ್ಟ್ ಆಗಲು ಬಿಡಿ. ನನ್ನ ಮಾಡೆಲ್‌ನಲ್ಲಿ ವೈಫೈ ಹೆಸರು, ಪಾಸ್‌ವರ್ಡ್ ಅಳಿಸಿಹೋದವು, ಮತ್ತೆ ಕೊಡಬೇಕಾಯಿತು. ಗಾಬರಿ ಆದದ್ದು ಆಮೇಲೆ. 192.168.0.1 ಅಂತ ಹಾಕಿದರೆ ರೂಟರ್‌ನ ಪುಟ ತೆರೆಯುತ್ತಲೇ ಇಲ್ಲ! ಕೆಡಿಸಿಬಿಟ್ಟೆ ಅಂದುಕೊಂಡು ರೀಸೆಟ್ ಮಾಡಲು ಪಿನ್ ಹುಡುಕುತ್ತಿದ್ದೆ. ವಿಷಯ ಸರಳ. ಈಗ ಅದಕ್ಕೂ ವಿಳಾಸ ಕೊಡುವುದು ಹಾಲ್‌ನ ಡಬ್ಬಿ. ಆ ಡಬ್ಬಿಯ ಪುಟದಲ್ಲಿ ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ತೆರೆದರೆ ಹೊಸ ಐಪಿ ಅಲ್ಲಿರುತ್ತದೆ. ಅದನ್ನು ಅಲ್ಲೇ ಕಾಯಂ ಮಾಡಿಸಿಕೊಂಡು, ಒಂದು ಚೀಟಿಯಲ್ಲಿ ಬರೆದು ರೂಟರ್‌ನ ಹೊಟ್ಟೆಗೆ ಅಂಟಿಸಿದೆ.

ಪ್ರಿಂಟರ್ ಆ ಕ್ಷಣದಿಂದ ಪಟ್ಟಿಯಲ್ಲಿದೆ. ಯಾವ ಕೋಣೆಯಿಂದಾದರೂ.

ಸ್ಪೀಡ್: ನನಗೆ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಡಬಲ್ ನ್ಯಾಟ್‌ನಿಂದ ಇಂಟರ್‌ನೆಟ್ ತೆವಳುತ್ತದೆ ಅಂತ ಸುಮ್ನೆ ಹೆದರಿಸುವವರಿದ್ದಾರೆ. ನನ್ನ ಮನೆಯಲ್ಲಂತೂ ಹಾಗಾಗಲಿಲ್ಲ.

ವಿಡಿಯೋ ಕಾಲ್‌ನಲ್ಲಿ ಮಾತ್ರ ಲಾಭ ಎದ್ದು ಕಂಡಿತು. ನನಗೆ ಫೋನ್ ಹಿಡಿದು ಮನೆ ತುಂಬಾ ಓಡಾಡುತ್ತಾ ಮಾತಾಡುವ ಚಟ. ರೂಟರ್ ಮೋಡ್‌ನಲ್ಲಿ ಕೋಣೆಯಿಂದ ಹಾಲ್‌ಗೆ ಬಂದರೆ ಫೋನ್ ಬೇರೆ ನೆಟ್‌ವರ್ಕ್‌ಗೆ ಜಿಗಿಯುತ್ತಿತ್ತು, ಐಪಿ ಬದಲಾಗುತ್ತಿತ್ತು, ಎದುರಿನವರ ಮುಖ ಬಾಯಿ ತೆರೆದಂತೆಯೇ ನಿಂತುಬಿಡುತ್ತಿತ್ತು. ಈಗ ಐಪಿ ಅದೇ ಇರುತ್ತದೆ. ಜಿಗಿಯುವಾಗ ಒಂದು ಕ್ಷಣ ದನಿ ಕಡಿದಂತಾಗಿ ಮುಂದುವರಿಯುತ್ತದೆ. ಎರಡು ಡಬ್ಬಿಗೂ ಒಂದೇ ಹೆಸರು ಕೊಡುವ ನನ್ನ ಬುದ್ಧಿವಂತಿಕೆ ಈ ಮೋಡ್‌ನಲ್ಲಿ ನಿಜಕ್ಕೂ ಬುದ್ಧಿವಂತಿಕೆಯೇ. ವೈಫೈ ಅಲೆ ಓಡುವ ಚಾನೆಲ್ ಮಾತ್ರ ಬೇರೆ ಇಡಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೆ 1 ಕೊಟ್ಟರೆ ಇನ್ನೊಂದಕ್ಕೆ 6 ಅಥವಾ 11.

ಗೇಮ್ ಆಡುವವರಿಗೆ, ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೋಡಲು ಪೋರ್ಟ್ ತೆರೆಯುವವರಿಗೆ ಡಬಲ್ ನ್ಯಾಟ್ ನಿಜಕ್ಕೂ ಕಾಟ. ಎರಡೂ ಡಬ್ಬಿಯಲ್ಲಿ ಪೋರ್ಟ್ ತೆರೆಯಬೇಕು. ಆದರೆ ಮೊದಲು ಹಾಲ್‌ನ ಡಬ್ಬಿಯ ವ್ಯಾನ್ ವಿಳಾಸ ನೋಡಿ. ಅದು 100.64ರಿಂದ 100.127ರ ಒಳಗೆ ಶುರುವಾದರೆ ಕಂಪನಿಯವರೇ ತಮ್ಮ ಕಡೆ ಇನ್ನೊಂದು ನ್ಯಾಟ್ ಹಾಕಿದ್ದಾರೆ ಅಂತ ಅರ್ಥ. ಆಗ ನೀವು ಯಾವ ಮೋಡ್ ಇಟ್ಟರೂ ಆ ಪೋರ್ಟ್ ತೆರೆಯುವುದಿಲ್ಲ.

ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಕಳೆದುಕೊಂಡದ್ದೂ ಇದೆ. ಮಕ್ಕಳಿಗೆ ಸಮಯ ಮಿತಿ ಹಾಕುವುದು, ಯಾರಿಗೆ ಎಷ್ಟು ಸ್ಪೀಡ್ ಅಂತ ಹಂಚುವುದು, ಹೊರಗಿನಿಂದ ಮನೆಯ ನೆಟ್‌ವರ್ಕ್‌ಗೆ ಗುಟ್ಟಾಗಿ ಸೇರುವ ವಿಪಿಎನ್, ಎಲ್ಲ ಮೆನುವಿನಿಂದಲೇ ಮಾಯ. ಆಪ್ ತೆರೆದರೆ ಬೋಳು ಬೋಳು. ಅತಿಥಿಗಳ ವೈಫೈ ಉಳಿಯಿತು, ಆದರೆ ಪರೀಕ್ಷಿಸಿ ನೋಡಿದರೆ ಅದನ್ನು ಹಿಡಿದ ಫೋನ್‌ನಿಂದಲೂ ನಮ್ಮ ಪ್ರಿಂಟರ್‌ನ ಪುಟ ತೆರೆಯುತ್ತದೆ. ಹೆಸರಿಗೆ ಮಾತ್ರ ಬೇರೆ. ನೀವೂ ಒಮ್ಮೆ ನೋಡಿಕೊಳ್ಳಿ.

ಹಾಗಾದರೆ ರೂಟರ್ ಮೋಡ್ ಯಾರಿಗೆ? ಕಂಪನಿಯವರು ತಮ್ಮ ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಲು ಯಾರಿಗೆ ಬಿಡುತ್ತಾರೋ ಅವರಿಗೆ. ಆಗ ಆ ಡಬ್ಬಿ ಸುಮ್ಮನಾಗುತ್ತದೆ, ನಿಮ್ಮ ರೂಟರ್ ಒಬ್ಬನೇ ಯಜಮಾನ, ಕೊಂಡ ಸೌಲಭ್ಯವೆಲ್ಲ ಸಿಗುತ್ತದೆ. ನಮ್ಮ ಡಬ್ಬಿಯಲ್ಲಿ ಆ ಆಯ್ಕೆಯನ್ನೇ ಮುಚ್ಚಿಟ್ಟಿದ್ದಾರೆ. ಇನ್ನೊಂದು, ಒಂದೇ ಸಂಪರ್ಕವನ್ನು ಬೇರೆ ಮನೆಯವರ ಜೊತೆ ಹಂಚಿಕೊಂಡವರಿಗೆ. ಅವರು ಹೊರಗಿನ ಡಬ್ಬಿಯಲ್ಲಿರಲಿ, ನೀವು ಒಳಗಿನ ರೂಟರ್‌ನಲ್ಲಿರಿ. ತಿರುಗಾಮುರುಗಾ ಮಾಡಿದರೆ ಅವರು ನಿಮ್ಮ ಸಾಧನಗಳ ಬಾಗಿಲು ತಟ್ಟಬಹುದು, ನೀವು ಅವರದನ್ನು ತಟ್ಟುವಂತಿಲ್ಲ.

ನನ್ನ ಲೆಕ್ಕ ಬೇರೆ. ನಾನು ಗೇಮ್ ಆಡುವುದಿಲ್ಲ, ಪ್ರಿಂಟ್ ಜಾಸ್ತಿ ತೆಗೆಯುತ್ತೇನೆ, ಓಡಾಡಿಕೊಂಡು ಮಾತಾಡುತ್ತೇನೆ. ನನಗೆ ಆಕ್ಸೆಸ್ ಪಾಯಿಂಟ್ ಮೋಡ್ ಸಾಕು. ಉರಿಯುವುದು ದುಡ್ಡಿನ ವಿಷಯಕ್ಕೆ. ಹೊಸ ರೂಟರ್ ಬಂದ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ ಸೌಲಭ್ಯಗಳನ್ನು ನೋಡಿ ದುಬಾರಿಯದನ್ನೇ ಆರಿಸಿದ್ದೆ. ಈಗ ಅವುಗಳಲ್ಲಿ ಮುಕ್ಕಾಲು ಪಾಲು ಮಲಗಿವೆ. ಈ ಕೆಲಸಕ್ಕೆ ಒಂದು ಸಾದಾ ಆಕ್ಸೆಸ್ ಪಾಯಿಂಟ್ ಸಾಕಿತ್ತು.

ಅದೂ ಬೇಕಿರಲಿಲ್ಲವೇನೋ. ಕಪಾಟಿನಲ್ಲಿ ಒಂದು ಹಳೆಯ ರೂಟರ್ ಬಿದ್ದಿತ್ತು, ಅದರ ಮೆನುವಿನಲ್ಲಿ ಆಕ್ಸೆಸ್ ಪಾಯಿಂಟ್ ಅನ್ನುವ ಮಾತೇ ಇಲ್ಲ. ಕೈಯಾರೆ ಮಾಡಿದೆ. ಅದಕ್ಕೆ 192.168.1.2 ಅನ್ನುವ ವಿಳಾಸ ಕೊಟ್ಟು, ಕೇಬಲನ್ನು ವ್ಯಾನ್‌ಗೆ ಹಾಕದೆ, ಮನೆಯೊಳಗಿನ ಸಾಧನಗಳಿಗೆ ಇರುವ ಲ್ಯಾನ್ ಪೋರ್ಟ್‌ಗೆ ಸಿಕ್ಕಿಸಿದೆ. ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡುವುದನ್ನು ಮರೆತೆ. ಈಗ ವಿಳಾಸ ಹಂಚುವವರು ಇಬ್ಬರು, ಯಾರು ಮೊದಲು ಉತ್ತರ ಕೊಟ್ಟರೋ ಅವರ ಮಾತೇ ನಡೆಯುತ್ತದೆ. ಟಿವಿ ಹಳೆಯದರ ಮಾತು ಕೇಳಿ, ಇಂಟರ್‌ನೆಟ್‌ಗೆ ದಾರಿ ಅದೇ ಅಂತ ನಂಬಿ ಕೂತಿತು. ಫೋನ್‌ಗಳು ಸರಿಯಾಗಿದ್ದವು. ಡಿಎಚ್‌ಸಿಪಿ ಆಫ್ ಮಾಡಿ, ಟಿವಿಯನ್ನು ಒಮ್ಮೆ ಪ್ಲಗ್‌ನಿಂದ ಕಿತ್ತು ಹಾಕಿದ ಮೇಲೆ ಎಲ್ಲ ಸರಿಹೋಯಿತು. ಆ ಹಳೆಯದು ಈಗ ಮಹಡಿಯ ಮೆಟ್ಟಿಲ ಹತ್ತಿರ ಕೂತಿದೆ, ಮೂರು ತಿಂಗಳಿಂದ ಯಾರೂ ಅದನ್ನು ಮುಟ್ಟಿಲ್ಲ.