ಗಿಡುಗ ಎಣಿಸಲು ಟ್ಯಾಲಿ ಕೌಂಟರ್: ಯಾವುದು ಬಾಳುತ್ತದೆ?

ಶರತ್ಕಾಲದಲ್ಲಿ ವಲಸೆ ಗಿಡುಗಗಳ ಲೆಕ್ಕಕ್ಕೆ ನಾಲ್ಕಂಕಿಯ ಮೆಕ್ಯಾನಿಕಲ್ ಟ್ಯಾಲಿ ಕೌಂಟರ್ (ಗುಂಡಿ ಒತ್ತಿದಾಗಲೆಲ್ಲ ಒಂದು ಕೂಡಿಸುವ ಅಂಗೈ ಸಾಧನ) ಸಾಕು. ಬ್ಯಾಟರಿ ಬೇಡ, 9999ರವರೆಗೆ ಎಣಿಸುತ್ತದೆ, ಬೈನಾಕ್ಯುಲರ್‌ನಿಂದ ಕಣ್ಣು ತೆಗೆಯದೆ ಒತ್ತಬಹುದು. ಲೋಹದ್ದೇ ಕೊಳ್ಳಿ, ಅಗ್ಗದ ಪ್ಲಾಸ್ಟಿಕ್‌ನದರಲ್ಲಿ ಗುಂಡಿ ಅರ್ಧ ಒತ್ತಿದರೆ ಅಂಕಿ ನಡುವೆಯೇ ಸಿಕ್ಕಿಕೊಳ್ಳುತ್ತದೆ. ದೊಡ್ಡ ದೋಷವೆಂದರೆ ಪಕ್ಕದಲ್ಲಿರುವ, ಸೊನ್ನೆಗೆ ತರುವ ತಿರುಪು. ಜೇಬಿನಲ್ಲಿ ಉಜ್ಜಿ ತಿರುಗಿತೋ, ಬೆಳಗಿನ ಲೆಕ್ಕವೆಲ್ಲ ಮಾಯ! ಗಂಟೆಗೊಮ್ಮೆ ಬರೆದಿಟ್ಟುಕೊಳ್ಳಿ.

ನೆಲದಿಂದ ಮೇಲೇಳುವ ಬಿಸಿಗಾಳಿಯಲ್ಲಿ ಸುತ್ತುವ ಹಿಂಡಿಗೆ ಒತ್ತಬೇಡಿ, ಒಂದೇ ಹಕ್ಕಿ ಎರಡು ಸಲ ಸೇರುತ್ತದೆ. ಮೇಲೇರಿ, ಸಾಲಾಗಿ ತೇಲುತ್ತ ಹೊರಡುವಾಗ ಎಣಿಸಿ. ಸಾವಿರಾರು ಬಂದರೆ ಹತ್ತಕ್ಕೊಂದು ಕ್ಲಿಕ್. ಅದನ್ನು ಚೀಟಿಯಲ್ಲಿ ಗುರುತಿಸದಿದ್ದರೆ ಸಂಜೆ ಫಜೀತಿ. ಜಾತಿಗೊಂದು ಕೌಂಟರ್ ಇರಲಿ. ಒಂಟಿಯಾಗಿ ಬರುವ ಚಾಣಕ್ಕೆ ಪೆನ್ಸಿಲ್ ಗೀಟೇ ಲೇಸು.