ಅರ್ಧ ಸುತ್ತು ತಿರುಗಿ ನಿಲ್ತಿದ್ದ ರೈಡಿಂಗ್ ಮೋವರ್ರೂ, ವ್ಯಾನಲ್ಲಿ ಬಂದ ಮೆಕ್ಯಾನಿಕ್ಕೂ

ಈ ಮೆಕ್ಯಾನಿಕ್ಕಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಒಂದು ಯಾಕೆ ಕಟ್ ಮಾಡ್ದೆ ಅಂತ ಆಮೇಲೆ ಹೇಳ್ತೀನಿ.

ನಾವಿರೋದು ಓಹಾಯೋದಲ್ಲಿ, ಸಿನ್ಸಿನಾಟಿಯಿಂದ ಸ್ವಲ್ಪ ಆಚೆ, ಹತ್ರತ್ರ ಒಂದೆಕರೆ ಜಾಗ ಇದೆ. ಹಾಸನದಿಂದ ಅಪ್ಪ ಫೋನ್ ಮಾಡ್ದಾಗೆಲ್ಲ "ಒಂದೆಕರೆ ಇಟ್ಕೊಂಡು ಬರೀ ಹುಲ್ಲು ಬೆಳೀತೀಯಲ್ಲೋ, ಒಂದು ಹಸುನಾದ್ರೂ ಕಟ್ಟೋ" ಅಂತಾರೆ. ಇಲ್ಲಿ ಹಸು ಕಟ್ಟಿದ್ರೆ ಕಾಲೋನಿ ಅಸೋಸಿಯೇಶನ್ನೋರು ನನ್ನನ್ನೇ ಕಟ್ಹಾಕ್ತಾರೆ, ಅದಕ್ಕೆ ಮೇಲೆ ಕೂತ್ಕೊಂಡು ಓಡಿಸೋ ಹುಲ್ಲು ಕತ್ತರಿಸೋ ಮೋವರ್ ಒಂದನ್ನ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ವಿ, 17.5 ಹಾರ್ಸ್‌ಪವರ್, ಸಿಂಗಲ್ ಸಿಲಿಂಡರ್, 42 ಇಂಚಿನ ಡೆಕ್ (ಕೆಳಗೆ ಬ್ಲೇಡ್ ಇರೋ ಭಾಗ). ನಾಲ್ಕು ವರ್ಷ ಒಂದು ಚೂರೂ ತಕರಾರು ಮಾಡಿರ್ಲಿಲ್ಲ.

ಏಪ್ರಿಲಲ್ಲಿ ಶೆಡ್ಡಿಂದ ತೆಗೆದು ಕೀ ತಿರುಗಿಸಿದ್ರೆ ಗುರ್ರ್ ಅಂತ ಅರ್ಧ ಸುತ್ತು ತಿರುಗಿ ಟಕ್ ಅಂತ ನಿಂತ್ಕೊಂಡ್ತು. ಮತ್ತೆ ತಿರುಗಿಸಿದ್ರೆ ಅದೇ. ಚಳಿಗಾಲ ಪೂರ್ತಿ ನಿಂತಿತ್ತಲ್ಲ, ಬ್ಯಾಟ್ರಿ ಹೋಗಿರತ್ತೆ ಅಂದ್ಕೊಂಡು 55 ಡಾಲರ್ ಕೊಟ್ಟು ಹೊಸ ಬ್ಯಾಟ್ರಿ ತಂದು ಹಾಕ್ದೆ, ಆಗ್ಲೂ ಅದೇ ಗುರ್ರ್, ಅದೇ ಟಕ್. ಗೊತ್ತಿರೋರ್ನ ಕೇಳಿದ್ರೆ ಸೀಟ್ ಕೆಳಗಿನ ಸ್ವಿಚ್ ನೋಡು, ಬ್ರೇಕ್ ಪೆಡಲ್ ಪೂರ್ತಿ ಒತ್ತು, ಬ್ಲೇಡ್ ಆಫಲ್ಲಿದೆಯಾ ನೋಡು ಅಂದ್ರು. ಎಲ್ಲಾ ನೋಡ್ದೆ. ಇಲ್ಲಿನ ಒಂದು ದೊಡ್ಡ ರಿಪೇರಿ ಅಂಗಡಿಗೆ ಫೋನ್ ಮಾಡಿದ್ರೆ ಗಾಡಿನೇ ನೋಡ್ದೆ ಸ್ಟಾರ್ಟರ್ ಮೋಟರ್ ಹೋಗಿದೆ ಅಂದ, ತಂದ್ಕೊಡಿ ಆದ್ರೆ ಮೂರು ವಾರ ಕ್ಯೂ ಇದೆ, ಬಂದು ತಗೊಂಡೋಗೋಕೆ 75 ಡಾಲರ್ ಬೇರೆ ಅಂದ. ಸರಿ ನಾನೇ ಹಾಕ್ತೀನಿ ಅಂತ 90 ಡಾಲರಿನ ಸ್ಟಾರ್ಟರ್ ಅದೇ ಅಂಗಡೀಲಿ ತಗೊಂಡು ಭಾನುವಾರ ಇಡೀ ಕೂತು ಹಾಕ್ದೆ. ಟಕ್.

ಅಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬಂದಿತ್ತು, ಅಸೋಸಿಯೇಶನ್ನಿಂದ ಕಾಗ್ದನೂ ಬಂತು. ಆಗ ಪಕ್ಕದ್ಮನೆ ಅಜ್ಜ ಕೊಟ್ಟ ನಂಬರ್ರೇ ಈ ವ್ಯಾನಿನವಂದು, ಮನೆಗೇ ಬಂದು ರಿಪೇರಿ ಮಾಡ್ತಾನೆ.

ಬಂದೋನು ಮೊದ್ಲು ಮೀಟರ್ ಹಿಡ್ದು ಬ್ಯಾಟ್ರಿ ನೋಡ್ದ, 12.6 ವೋಲ್ಟ್, ಕೀ ತಿರುಗಿಸಿದಾಗ್ಲೂ 10ರ ಕೆಳಗೆ ಇಳೀಲಿಲ್ಲ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಪಕ್ಕಕ್ಕಿಟ್ಟು ಈಗ ಕೀ ತಿರುಗಿಸು ಅಂದ. ತಿರುಗಿಸಿದ್ರೆ ಎಂಜಿನ್ನು ಬುಗುರಿ ಥರ ಗಿರಗಿರ ಅಂತ ತಿರುಗ್ತು! ಅಲ್ಲಿಗೆ ಬ್ಯಾಟ್ರಿನೂ ಚೆನ್ನಾಗಿದೆ, ಸ್ಟಾರ್ಟರ್ರೂ ಚೆನ್ನಾಗಿದೆ, ತಡೀತಿರೋದು ಒಳಗಿನ ಕಂಪ್ರೆಶನ್ನು (ಪಿಸ್ಟನ್ ಮೇಲೆ ಬರೋವಾಗ ಸಿಲಿಂಡರಲ್ಲಿ ಸಿಕ್ಕಿದ ಗಾಳಿಯ ಒತ್ತಡ) ಅಂತ ಎರಡೇ ನಿಮಿಷಕ್ಕೆ ಹೇಳ್ಬಿಟ್ಟ. ಬ್ರೇಕಿಂದೋ ಬ್ಲೇಡಿಂದೋ ಸೇಫ್ಟಿ ಸ್ವಿಚ್ ಹೋಗಿದ್ದಿದ್ರೆ ಸ್ಟಾರ್ಟರ್ ಅಲ್ಲಾಡ್ತಾನೇ ಇರ್ಲಿಲ್ಲ, ಪೆಟ್ರೋಲ್ ಕೆಟ್ಟಿದ್ರೆ ತಿರುಗ್ತಾನೇ ಇರತ್ತೆ ಹತ್ಕೊಳಲ್ಲ ಅಷ್ಟೆ, ಅರ್ಧಕ್ಕೆ ನಿಲ್ಲೋದು ಬೇರೆ ಖಾಯಿಲೆ ಅಂದ. ಹೇಳಿದ್ಮೇಲೆ ಎಷ್ಟು ಸುಲಭ ಅನ್ಸತ್ತೆ ನೋಡಿ, 145 ಡಾಲರ್ ಕಳ್ಕೊಂಡ್ಮೇಲೆ.

ಕಾರಣ ಏನಪ್ಪಾ ಅಂದ್ರೆ ವಾಲ್ವ್ ಗ್ಯಾಪು, ಅಂದ್ರೆ ವಾಲ್ವಿಗೂ ಅದನ್ನ ಒತ್ತೋ ಭಾಗಕ್ಕೂ ಮಧ್ಯೆ ಇರೋ ಸಂದು. ನಮ್ಮೂರಲ್ಲಿ ಟ್ಯಾಪೆಟ್ ಸೆಟ್ಟಿಂಗ್ ಅಂತಾರಲ್ಲ ಅದೇ. ಹಳೇ ಬುಲೆಟ್ ಬೈಕ್ ಓಡ್ಸಿರೋರಿಗೆ ಬೇಗ ಅರ್ಥ ಆಗತ್ತೆ, ಎಡಗೈಲಿ ಡಿಕಂಪ್ರೆಸರ್ ಲಿವರ್ ಹಿಡ್ದು ಆಮ್ಮೀಟರ್ ಮುಳ್ಳು ಮಧ್ಯಕ್ಕೆ ತಂದು ಆಮೇಲೆ ತಾನೇ ಕಿಕ್ ಹೊಡೀತಿದ್ದಿದ್ದು, ಇಲ್ಲಾಂದ್ರೆ ಕಾಲಿಗೇ ವಾಪಸ್ ಒದೀತಿತ್ತಲ್ಲ. ಈ ಮೋವರಲ್ಲಿ ಆ ಕೆಲ್ಸನ ವಾಲ್ವ್ ತೆರೆಸೋ ಕ್ಯಾಮ್ ಶಾಫ್ಟೇ ಮಾಡತ್ತೆ, ಸ್ಟಾರ್ಟ್ ಮಾಡೋವಾಗ ವಾಲ್ವನ್ನ ಒಂಚೂರೇ ಚೂರು ಎತ್ತಿ ಹಿಡ್ದು ಕಂಪ್ರೆಶನ್ ಬಿಡತ್ತೆ. ಓಡ್ತಾ ಓಡ್ತಾ ಸವೆದು ಗ್ಯಾಪ್ ಜಾಸ್ತಿ ಆದ್ರೆ ಆ ಚೂರು ಎತ್ತೋದು ವಾಲ್ವ್ ತನಕ ಮುಟ್ಟೋದೇ ಇಲ್ಲ, ಪಾಪ ಸ್ಟಾರ್ಟರ್ರು ಪೂರ್ತಿ ಕಂಪ್ರೆಶನ್ ಮೇಲೆ ಗುದ್ದಿ ನಿಂತೋಗತ್ತೆ.

ಮೇಲಿನ ಕವರಿನ ನಾಲ್ಕು ಬೋಲ್ಟ್ ಬಿಚ್ಚಿ, ಪ್ಲಗ್ಗಿನ ತೂತಲ್ಲಿ ಒಂದು ಕಡ್ಡಿ ಇಳಿಬಿಟ್ಟು, ಪಿಸ್ಟನ್ ಪೂರ್ತಿ ಮೇಲೆ ಬಂದು ಕಾಲಿಂಚು ಕೆಳಗಿಳಿಯೋ ತನಕ ಕೈಯಲ್ಲೇ ತಿರುಗಿಸಿ, ಫೀಲರ್ ಗೇಜ್ (ಸಂದು ಅಳೆಯೋ ತೆಳ್ಳನೆ ಪಟ್ಟಿ) ಹಾಕ್ದ. ನನ್ನ ಎಂಜಿನ್ನಿಗೆ ಇನ್‌ಟೇಕ್ ವಾಲ್ವ್ (ಗಾಳಿ-ಪೆಟ್ರೋಲ್ ಒಳಗೆ ಬಿಡೋದು) ಗ್ಯಾಪ್ 3ರಿಂದ 5 ಥೌ, ಎಕ್ಸಾಸ್ಟ್ (ಹೊಗೆ ಹೊರಗೆ ಬಿಡೋದು) ಗ್ಯಾಪ್ 5ರಿಂದ 7 ಥೌ ಇರ್ಬೇಕಂತೆ, ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಪಾಲು. ಪ್ರಿಂಟರ್ ಹಾಳೆ ಒಂದೇ ಹೆಚ್ಚುಕಮ್ಮಿ 4 ಥೌ ದಪ್ಪ ಇರತ್ತೆ. ಒಂದೆರಡು ಹಾಳೆಯಷ್ಟು ಗ್ಯಾಪಿಗೆ ನಾನು ಒಂದು ತಿಂಗಳು ಒದ್ದಾಡಿದ್ದು!

ಗ್ಯಾಪ್ ಸರಿ ಮಾಡಿ, ಕವರ್ ಮುಚ್ಚಿ ಕೀ ತಿರುಗಿಸಿದ್ರೆ ಮೊದಲ್ನೇ ಸಲಕ್ಕೇ ಸ್ಟಾರ್ಟು. 40 ನಿಮಿಷದ ಕೆಲ್ಸ, 110 ಡಾಲರ್ ತಗೊಂಡ, ಕವರ್ ಗ್ಯಾಸ್ಕೆಟ್ ಒಂದು ಬಿಟ್ರೆ ಯಾವ ಪಾರ್ಟೂ ಮಾರ್ಲಿಲ್ಲ. ಕೇಳ್ದೇನೇ ಟ್ಯಾಂಕ್ ಮುಚ್ಳ ತೆಗ್ದು ಮೂಸಿ ನೋಡಿ ಅಕ್ಟೋಬರಿನ ಪೆಟ್ರೋಲ್ ಖಾಲಿ ಮಾಡ್ಸಿದ, ಇಲ್ಲಿ ಬಂಕಲ್ಲಿ ಸಿಗೋದ್ರಲ್ಲಿ 10 ಪರ್ಸೆಂಟ್ ತನಕ ಎಥನಾಲ್ ಇರತ್ತೆ, ಅದು ನೀರು ಹೀರ್ಕೊಳತ್ತೆ, ಚಳಿಗಾಲಕ್ಕೆ ನಿಲ್ಸೋ ಮುಂಚೆ ಪೆಟ್ರೋಲ್ ಬೇಗ ಕೆಡದ ಹಾಗೆ ಸ್ಟೆಬಿಲೈಜರ್ ಹಾಕಿ ಕಾರ್ಬ್ಯುರೇಟರ್ ತನಕ ಹೋಗೋ ಹಾಗೆ ಐದ್ಹತ್ತು ನಿಮಿಷ ಓಡ್ಸು ಅಂದ.

ಇನ್ನು ಕಟ್ ಮಾಡಿದ ಸ್ಟಾರು. ಹತ್ತು ಗಂಟೆಗೆ ಬರ್ತೀನಿ ಅಂದೋನು ಬಂದಿದ್ದು ಒಂದೂವರೆಗೆ, ಮಧ್ಯೆ ಮೂರು ಸಲ ಫೋನ್ ಮಾಡಿದ್ರೂ ಎತ್ತಲಿಲ್ಲ, ನಾನು ಆಫೀಸಿಗೆ ರಜ ಹಾಕಿ ಕಾಯ್ತಾ ಕೂತಿದ್ದೆ. ಕಾರ್ಡೂ ತಗೊಳಲ್ಲ, ಕ್ಯಾಶ್ ಇಟ್ಕೊಂಡಿರಿ. ಏಪ್ರಿಲ್ ಮೇ ಅವನಿಗೆ ಪುರುಸೊತ್ತೇ ಇರಲ್ವಂತೆ, ಮಾರ್ಚಲ್ಲೇ ಒಂದ್ಸಲ ಸ್ಟಾರ್ಟ್ ಮಾಡಿ ನೋಡಿ ಆಗ್ಲೇ ಕರೀರಿ.

ಆ ಹೊಸ ಸ್ಟಾರ್ಟರ್ ವಾಪಸ್ ತಗೊಳಲ್ಲ ಅಂದ್ರು ಅಂಗಡಿಯೋರು, ಫಿಟ್ ಮಾಡಿದ್ಮೇಲೆ ಎಲೆಕ್ಟ್ರಿಕ್ ಐಟಮ್ ರಿಟರ್ನ್ ಇಲ್ವಂತೆ. ಗಾಡೀಲಿ ಈಗ ಅದೇ ಇದೆ, ಬಿಚ್ಚಿದ ಹಳೇದು ಗ್ಯಾರೇಜಲ್ಲಿ ಕೂತಿದೆ, ಏನೂ ಆಗಿಲ್ಲ ಅದಕ್ಕೆ, ಹತ್ರದಲ್ಲಿರೋ ಕನ್ನಡದೋರು ಯಾರಿಗಾದ್ರೂ ಬೇಕಿದ್ರೆ ಬಂದು ತಗೊಂಡೋಗಿ.