ಮೂರಂತಸ್ತಿನ ಗೊಬ್ಬರದ ಮಡಕೆ: ನಾಲ್ಕು ವರ್ಷ ಬಳಸಿದ ಮೇಲೆ

ಹಸಿಕಸದಿಂದ ಗೊಬ್ಬರ ಮಾಡುವ ಮಣ್ಣಿನ ಮಡಕೆಗಳ ಸೆಟ್ ನಮ್ಮ ಬೆಂಗಳೂರಿನ ಮನೆಯ ಬಾಲ್ಕನಿಗೆ ಬಂದು ನಾಲ್ಕು ವರ್ಷ ದಾಟಿತು. ಮಡಕೆಗೆ ಹತ್ತಕ್ಕೆ ಎಂಟು ಕೊಡುತ್ತೇನೆ. ಜೊತೆಗೆ ಮಾರುವ ಪುಡಿಗೆ ಮೂರು ಕೊಟ್ಟರೆ ಜಾಸ್ತಿ.

ಮೊದಲು ಮಡಕೆ. ಸುಟ್ಟ ಮಣ್ಣು ತೇವ ಹೀರುತ್ತದೆ, ಬದಿಯ ತೂತುಗಳಲ್ಲಿ ಗಾಳಿಯಾಡುತ್ತದೆ. ಹಾಗಾಗಿ ಒಳಗೆ ಬೇಗ ಕೆಸರಾಗುವುದಿಲ್ಲ. ಮೇಲಿನದು ತುಂಬಿದರೆ ಮಧ್ಯಕ್ಕೆ ಇಳಿಸಬೇಕು, ಮಾಗಿದ್ದನ್ನು ಕೆಳಗಿನದಕ್ಕೆ ಸುರಿಯಬೇಕು. ಅಷ್ಟೇ ಕೆಲಸ. ಆದರೆ ತುಂಬಿದ ಮಡಕೆ ಭಾರೀ ತೂಕ, ಒಬ್ಬರೇ ಎತ್ತೋಕೆ ಹೋಗಬೇಡಿ. ನಮ್ಮದರಲ್ಲಿ ಒಂದರ ಕಂಠ ಬಿರುಕು ಬಿಟ್ಟಿತು. ಮಾರಿದವರಿಗೆ ಫೋನ್ ಮಾಡಿದರೆ, ಬಿಡಿ ಮಡಕೆ ಕೊಡಲ್ಲ, ಪೂರ್ತಿ ಸೆಟ್ ತಗೊಳ್ಳಿ ಅಂದರು. ಕಸ ಕಮ್ಮಿ ಮಾಡಿ ಅಂತ ಹೇಳುವವರ ಮಾತಾ ಇದು? ಸುತ್ತಲೂ ತಂತಿ ಬಿಗಿದಿದ್ದೇವೆ, ಗಟ್ಟಿಯಾಗಿದೆ.

ಇನ್ನು ಪುಡಿ. ತೆಂಗಿನ ನಾರಿನ ಪುಡಿಗೆ ಒಂದಿಷ್ಟು ಸೂಕ್ಷ್ಮಜೀವಿಗಳನ್ನು ಬೆರೆಸಿರುತ್ತಾರೆ. ಕೆಲಸ ಮಾಡುತ್ತೆ, ಸುಳ್ಳು ಹೇಳಲ್ಲ. ಆದರೆ ಮಡಕೆ ಒಂದು ಸಲದ ಖರ್ಚು, ಪುಡಿ ತಿಂಗಳು ತಿಂಗಳು ಬೇಕು. ಬರುವುದೂ ಪ್ಲಾಸ್ಟಿಕ್ ಚೀಲದಲ್ಲೇ!

ತರಕಾರಿ ಸಿಪ್ಪೆಯಲ್ಲಿ ನೀರು, ಸಾರಜನಕ ಜಾಸ್ತಿ. ಇಂಗಾಲ ಇರುವ ಒಣ ಪದಾರ್ಥ ಸೇರದಿದ್ದರೆ ಗಾಳಿಯಿಲ್ಲದೆ ಕೊಳೆತು ನಾರುತ್ತದೆ. ಪುಡಿ ಮಾಡುವ ಮುಖ್ಯ ಕೆಲಸ ಇದೇ. ಒಣಗಿದ ಎಲೆಯೂ ಇದನ್ನೇ ಮಾಡುತ್ತದೆ. ಈ ಊರಲ್ಲಿ ಒಣ ಎಲೆಗೆ ಬರವೇ? ಬೇಸಿಗೆ ಶುರುವಾಗುವ ಹೊತ್ತಿಗೆ ಹೊಂಗೆ ಮರದ ಕೆಳಗೆ ನಡೆದು ನೋಡಿ. ನಮ್ಮ ಬೀದಿ ಗುಡಿಸುವಾಕೆಯನ್ನು ಒಂದು ಚೀಲ ಕೇಳಿದ್ದಕ್ಕೆ, "ಎರಡು ತಗೊಳಮ್ಮ, ನಮಗೂ ಹೊರೋದು ತಪ್ಪುತ್ತೆ" ಅಂದರು. ಆಮೇಲೆ ಪುಡಿ ತರಿಸಿಲ್ಲ.

ಒಂದು ಬೊಗಸೆ ಸಿಪ್ಪೆಗೆ ಎರಡು ಬೊಗಸೆ ಎಲೆ. ಮಳೆಗಾಲದಲ್ಲಿ ಇನ್ನೊಂದು ಜಾಸ್ತಿ. ಹೆಪ್ಪಿಗೆ ಹಳೇ ಗೊಬ್ಬರ ಒಂದು ಹಿಡಿ, ನೀರು ಬೆರೆಸಿದ ಹುಳಿ ಮಜ್ಜಿಗೆ ಸ್ವಲ್ಪ. ವಾರಕ್ಕೆರಡು ಸಲ ಕೆದಕಿದರೆ ಸಾಕು. ದಪ್ಪ ಬೂದುಬಣ್ಣದ ಹುಳು ಕಂಡರೆ ಬೆಚ್ಚಿಬೀಳಬೇಡಿ. ಹೆಚ್ಚಾಗಿ ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಚ್ಚಲ್ಲ, ಕಸವನ್ನು ಬೇಗ ಕರಗಿಸುತ್ತವೆ. ಜಾಸ್ತಿಯಾದರೆ ಒಳಗೆ ತೇವ ಹೆಚ್ಚಾಗಿದೆ ಅಂತ ಲೆಕ್ಕ.

ಮಡಕೆಯಾದರೂ ಬೇಕೇಬೇಕಾ? ನಮ್ಮ ಅತ್ತೆ ಊರಲ್ಲಿ ತಿಪ್ಪೆ ನೋಡಿಕೊಂಡು ಬೆಳೆದವರು. ಇಲ್ಲಿಗೆ ಬಂದವರು ಸುಮ್ನೆ ಕೂರದೆ 20 ಲೀಟರಿನ ಖಾಲಿ ಪೇಂಟ್ ಬಕೆಟ್ ತೊಳೆದು, ಕಾದ ಕಬ್ಬಿಣದ ಸರಳಿನಿಂದ ಸುತ್ತಲೂ, ತಳಕ್ಕೂ ತೂತು ಮಾಡಿ, ಎರಡು ಇಟ್ಟಿಗೆ ಮೇಲೆ ಇಟ್ಟರು. ಕೆಳಗೊಂದು ಹಳೇ ತಟ್ಟೆ. ಎಲೆ ಸ್ವಲ್ಪ ಜಾಸ್ತಿ ಬೇಕು, ಗೊಬ್ಬರದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಖರ್ಚು ಸೊನ್ನೆ.

ಕಸ ಬೇರೆ ಮಾಡುವುದು ನಮ್ಮ ಊರಲ್ಲಿ ಹೇಗೂ ಕಡ್ಡಾಯ. ಹಸಿಕಸಕ್ಕೊಂದು, ಸ್ಯಾನಿಟರಿ ಕಸಕ್ಕೊಂದು ಬುಟ್ಟಿ, ಒಣಕಸಕ್ಕೆ ಒಂದು ಚೀಲ ಅನ್ನುವ ಪದ್ಧತಿ 2015ರ ಹೈಕೋರ್ಟ್ ಆದೇಶದಿಂದಲೇ ಬಂದದ್ದು. ಹಸಿ ಬುಟ್ಟಿ ಮನೆಯಲ್ಲಿದ್ದರೆ ಅರ್ಧ ಕೆಲಸ ಆದಂತೆ. ಮೊದಲು ಬಕೆಟ್‌ನಲ್ಲಿ ಮೂರು ತಿಂಗಳು ಮಾಡಿ ನೋಡಿ. ಅಭ್ಯಾಸ ಕೈಗೆ ಹತ್ತಿ, ಬಾಲ್ಕನಿ ಚೆಂದ ಕಾಣಬೇಕು ಅನ್ನಿಸಿದರೆ ಮಡಕೆ ಕೊಳ್ಳಿ. ಮಾವಿನ ಎಲೆ ಸಿಕ್ಕರೆ ಮಾತ್ರ ಮುರಿದು ಹಾಕಿ, ಇಡಿಯಾಗಿ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ.